ಬ್ಯಾನಿಯೋ ಬಸಿರೋ

ಹುಬ್ಬಳ್ಳಿಯ ದವಾಖಾನೆಯಲ್ಲಿ ನನ್ನ ಮೂತ್ರಕೋಶದ ಕ್ಯಾನ್ಸರ್ ಗಂಟನ್ನು, ಅದು ಅಂಟಿಕೊಂಡಿದ್ದ ಭಾಗದ ಸಮೇತ ಕೊಯ್ದು ತೆಗೆದರು. ಆಗಿನ್ನೂ ನಮಗೆ ಮಕ್ಕಳಾಗಿರಲಿಲ್ಲ. ನವಲಗುಂದದ ಹತ್ತಿರದ ನಮ್ಮೂರಿಗೆ ಬಂದ ಮೇಲೆ ಅತ್ತೆ ನನ್ನ ಕಿಬ್ಬೊಟ್ಟೆಯ ಹೊಲಿಗೆ ನೋಡಿ, ಒಳಗಿದ್ದದ್ದೆಲ್ಲ ಹೋಯಿತೆಂದು ತಾವೇ ತೀರ್ಮಾನ ಮಾಡಿಬಿಟ್ಟರು. ಓಣಿಯಲ್ಲಿ ಯಾರಾದರೂ ನನಗೆ ಉಡಿ ತುಂಬಹೋದರೆ, ಬರೀ ಕುಂಕುಮ ಸಾಕು ಎಂದು ಅತ್ತೆ ತಡೆಯುತ್ತಿದ್ದರು. ನನ್ನ ಗಂಡ ಕೇಳಿಸಿಕೊಂಡೂ ಸುಮ್ಮನಿರುತ್ತಿದ್ದರು. ಡಾಕ್ಟರು ಮಾತಾಡಿದ್ದೆಲ್ಲ ಅವರ ಜೊತೆಗೇ, ಹಾಗಾಗಿ ನಾನೂ ನಂಬಿದೆ.

ಆದರೆ ತಿಂಗಳ ಮುಟ್ಟು ಬರುತ್ತಲೇ ಇತ್ತು. ಎಲ್ಲ ಹೋದಮೇಲೆ ಇದು ಎಲ್ಲಿಂದ ಬರುತ್ತದೆ ಎಂದು ಯಾರನ್ನು ಕೇಳಲಿ? ನಮ್ಮದು ಲಿಂಗ ಕಟ್ಟಿದ ಮನೆ, ಹೊರಗೆ ಕೂರುವ ಪದ್ಧತಿಯಿಲ್ಲ. ಬಂದದ್ದೂ ನನಗೊಬ್ಬಳಿಗೇ ಗೊತ್ತು, ಮುಂದಿನ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ನಿಂತದ್ದೂ ನನಗೊಬ್ಬಳಿಗೇ ಗೊತ್ತು. ಒಗ್ಗರಣೆ ವಾಸನೆಗೆ ವಾಂತಿ, ಗಳಿಗೆಗೊಮ್ಮೆ ಮೂತ್ರಕ್ಕೆಂದು ಬಯಲಕಡೆ ಓಟ. ಕ್ಯಾನ್ಸರ್ ಬ್ಯಾನಿ ತಿರುಗಿ ಬಂತೆಂದು ಎದೆ ಒಡೆಯಿತು. ಗಂಡನ ಜೊತೆ ಹುಬ್ಬಳ್ಳಿ ಬಸ್ಸು ಹತ್ತುವ ಮುಂಚೆ, ತಿರುಗಿ ಬರುತ್ತೇನೋ ಇಲ್ಲವೋ ಎಂದು, ಎಮ್ಮೆ ಒದೆಯದಂತೆ ಹೇಗೆ ಹಿಂಡಬೇಕೆಂದು ಅತ್ತೆಗೆ ಹೇಳಿಕೊಟ್ಟು ಹೊರಟೆ.

ಹೊಟ್ಟೆ ಮುಟ್ಟಿ ನೋಡಿದ ಲೇಡಿ ಡಾಕ್ಟರು ಬಸುರಿ ಅಂದರು. ಅದು ಹೇಗೆ ಸಾಧ್ಯ ಎಂದು ನಾನು ಅವರ ಜೊತೆ ಜಗಳಕ್ಕೇ ನಿಂತೆ.

"ನನ್ನ ಹೊಟ್ಟ್ಯಾಗಿಂದೆಲ್ಲಾ ತಗದಾರಲ್ರಿ?"

ಆಪರೇಷನ್ ಮಾಡಿದ ಡಾಕ್ಟರನ್ನೇ ಕರೆಸಿದರು. ಗರ್ಭಕೋಶ ಮುಟ್ಟಿಯೇ ಇಲ್ಲ, ಎರಡು ವರ್ಷ ತಡೆದು ಮಕ್ಕಳ ಮಾತು ಎಂದು ನಿಮ್ಮ ಯಜಮಾನರಿಗೆ ಆಗಲೇ ಹೇಳಿದ್ದೆ ಅಂದರು ಅವರು. ಸಣ್ಣದಾದ ಮೂತ್ರಕೋಶ ಈ ಭಾರ ತಾಳುತ್ತದೆಯೇ ಎಂದು ಕೇಳಿದೆ. ತಾಳಬಹುದು, ತಿಂಗಳಿಗೊಮ್ಮೆ ಬರಬೇಕು ಅಂದರು. ಬ್ಯಾನಿ ತಿರುಗಿ ಬಂದರೆ? ಈಗಲೇ ಹೇಳಲು ಬರುವುದಿಲ್ಲ, ನೋಡುತ್ತಿರೋಣ ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಸಿಟ್ಟು ಮಾತ್ರ ಚೆನ್ನಾಗಿ ಬಂತು.

ಹೊರಗೆ ಬೇವಿನ ಗಿಡದ ನೆರಳಲ್ಲಿ ಗಂಡನನ್ನು ತಡೆದು ನಿಲ್ಲಿಸಿದೆ.

"ಯಾಕ ಹೇಳಲಿಲ್ರಿ ನನಗ?"

ಅವರು ನನ್ನ ಮುಖ ನೋಡಲಿಲ್ಲ.

"ಎರಡು ವರ್ಷ ನೀ ಇರ್ತಿ ಅಂತ ನನಗ ಧೈರ್ಯ ಇರಲಿಲ್ಲ."

ಅಷ್ಟು ದಿನ ಈ ಮನುಷ್ಯ ದಿನಾ ನನ್ನ ಎದುರು ಕೂತು ಉಂಡದ್ದು, ಸಾಯುವವಳ ಕೈಯಡಿಗೆಯೆಂದೇ ತಿಳಿದು.