ಸಿಸ್ಟರ್ ಸೊಸೆಯೂ ತುರಿಕಜ್ಜಿಯೂ

ಇವತ್ತು ವಿದ್ಯಾರಣ್ಯಪುರದ ಮೆಡಿಕಲ್ ಸ್ಟೋರಿನಲ್ಲಿ ಒಬ್ಬರು ಕಜ್ಜಿಗೆಂದು ಒಂದೇ ಒಂದು ಟ್ಯೂಬು ಕೇಳುತ್ತಿದ್ದರು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿಯೇಬಿಟ್ಟೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋಡಲಿ ಬಿಡಿ, ನಾನು ಪಟ್ಟ ಪಾಡು ಅವರಿಗೇನು ಗೊತ್ತು?

ನಾನು ನರ್ಸು. ಹನ್ನೆರಡು ವರ್ಷದ ಹಿಂದೆ ಪುಟ್ಟೇನಹಳ್ಳಿಯ ತುಂಬುಮನೆಗೆ ಸೊಸೆಯಾಗಿ ಬಂದಾಗ ನನ್ನ ಗತ್ತೇ ಗತ್ತು. ಬೀದಿಯಲ್ಲಿ ಯಾರಿಗೆ ಭೇದಿಯಾದರೂ, ಓಆರ್‌ಎಸ್ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ ಎಂದು ಉಪದೇಶ. ಹೊಟ್ಟೆ ಉಬ್ಬರದವರು ಉಂಡ ತಕ್ಷಣ ಮಲಗಿದರೆ ಬೈಗುಳ.

ಅಷ್ಟರಲ್ಲಿ ಮನೆಮಂದಿಗೆಲ್ಲ ತುರಿಕಜ್ಜಿ ಹತ್ತಿತು. ಆಸ್ಪತ್ರೆಯಿಂದ ನಾನೇ ತಂದದ್ದೆಂದು ಅತ್ತೆ ತೀರ್ಪು ಕೊಟ್ಟರು. ವಾಸಿಯಾಗಿ ಮತ್ತೆ ಬಂದರೆ ಕೆಲಸ ಬಿಡಬೇಕು ಎಂದರು. ಕೆಲಸವೆಂದರೆ ನನಗೆ ಪ್ರಾಣ. ಆದರೂ ಜಂಭದಿಂದ ಒಪ್ಪಿಕೊಂಡೆ.

ಡಾಕ್ಟರು ಹೇಳಿದಂತೆ ಒಂದೇ ಸಂಜೆ ಮನೆಯ ಒಂಬತ್ತೂ ಜನರಿಗೆ ಕುತ್ತಿಗೆಯಿಂದ ಕಾಲ್ಬೆರಳವರೆಗೆ ಕ್ರೀಮು. ಮೊದಲು ನಾನು ಹಚ್ಚಿಕೊಂಡು ಆಮೇಲೆ ಹೆಂಗಸರಿಗೆ ಹಚ್ಚಿದೆ. ತನಗೆ ಕಜ್ಜಿಯೇ ಇಲ್ಲವೆಂದು ಕೆರೆ ಏರಿಯ ಮೇಲೆ ಅವಿತಿದ್ದ ಮಾವನವರನ್ನು ನನ್ನ ಗಂಡ ಹಿಡಿದು ತಂದರು. ಮರುದಿನ ಬಟ್ಟೆಯೆಲ್ಲ ಬಿಸಿನೀರಿಗೆ, ಹಾಸಿಗೆಯೆಲ್ಲ ತಾರಸಿಯ ಬಿಸಿಲಿಗೆ. ವಾರದ ಮೇಲೆ ಇನ್ನೊಮ್ಮೆ ಇದೇ ಜಾತ್ರೆ.

ತಿಂಗಳಿಗೆ ನನ್ನ ಬೆರಳ ಸಂದಿಯಲ್ಲೇ ಹೊಸ ಗುಳ್ಳೆ, ಹಿಂದೆಯೇ ಅತ್ತೆಯ ಮಣಿಕಟ್ಟಿನಲ್ಲೂ. ಕ್ರೀಮು ಹಚ್ಚಿಕೊಂಡ ಮೇಲೆ ಕೈ ತೊಳೆದಿರಾ ಎಂದು ಡಾಕ್ಟರು ಕೇಳಿದರು. ತೊಳೆಯದೆ ಏನು! ಒಬ್ಬೊಬ್ಬರಿಗೆ ಹಚ್ಚಿದ ಮೇಲೂ, ವಾರ್ಡಿನಲ್ಲಿ ಕಲಿತಂತೆ ಸೋಪು ಹಾಕಿ ಬೆರಳ ಸಂದಿ ಉಜ್ಜಿದ್ದೆ. ಸೋಪಿನ ಜೊತೆ ನನ್ನ ಕೈಯ ಕ್ರೀಮೂ ತೊಳೆದುಹೋಗಿತ್ತು. ಮತ್ತೆ ಹಚ್ಚಿಕೊಂಡಿರಲಿಲ್ಲ, ಅದೂ ಎರಡೂ ಸಲ. ಮಾನ ಮೂರಾಬಟ್ಟೆಯಾಯಿತು.

ತಪ್ಪನ್ನು ಮಾವನವರ ಮೇಲೆ ಹಾಕಿದ್ದರೆ ಎಲ್ಲರೂ ನಂಬುತ್ತಿದ್ದರು. ಮನಸ್ಸು ಒಪ್ಪಲಿಲ್ಲ. ಅತ್ತೆಯ ಮುಂದೆ ಇದ್ದದ್ದು ಇದ್ದಂತೆ ಹೇಳಿ, "ಕೆಲಸ ಬಿಡ್ತೀನತ್ತೆ" ಎನ್ನುವಾಗ ಅಳು ಬಂತು.

ಆ ಸಂಜೆ ಮತ್ತೆ ಎಲ್ಲರಿಗೂ ಕ್ರೀಮು ಹಚ್ಚಿ ಮುಗಿದ ಮೇಲೆ ಅತ್ತೆ ನನ್ನ ಕೈಗಳನ್ನು ಎಳೆದುಕೊಂಡು ಬೆರಳ ಸಂದಿಗಳಿಗೆಲ್ಲ ತಾವೇ ಕ್ರೀಮು ಮೆತ್ತಿದರು. ತಮ್ಮ ಕೈ ತೊಳೆದು ಬಂದು, ಮುದ್ದೆ ಮುರಿದು ಸಾರಿಗೆ ಅದ್ದಿ ನನ್ನ ಬಾಯಿಗಿಟ್ಟರು.

"ಮಾಡಿದ್ ತಪ್ನ ಇಂಗೆ ಒಪ್ಕೊಳೋರೇ ಆಸ್ಪತ್ರೇಲಿರ್ಬೇಕು ಕಣಮ್ಮ. ವಾಸಿ ಆದ್ಮೇಲೆ ಓಗು ಡ್ಯೂಟಿಗೆ."

ಊಟವಾದ ಮೇಲೆ ತಮ್ಮ ಕೈಗೆ ಮರೆಯದೆ ಮತ್ತೆ ಕ್ರೀಮು ಹಚ್ಚಿಕೊಂಡರು. ನರ್ಸು ನಾನು, ಬುದ್ಧಿ ಅವರಿಗಿತ್ತು.

ಇಂದಿಗೂ ಡ್ಯೂಟಿಯಲ್ಲಿದ್ದೇನೆ. ವಾರ್ಡಿಗೆ ಹೊಸ ಹುಡುಗಿಯರು ಬಂದರೆ ಮೊದಲು ನನ್ನ ತಪ್ಪನ್ನು ಹೇಳುತ್ತೇನೆ, ಔಷಧಿಯ ಹೆಸರು ಆಮೇಲೆ.