ಎಕ್ಸ್‌ಚೇಂಜಿಗೊಂದು ಪಾಯಿಖಾನೆ

ಎಪ್ಪತ್ತರ ದಶಕದ ಕೊನೆಗೆ ನಾನು ಸುಳ್ಯದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಹಗಲು ಪಾಳಿಯಲ್ಲಿ ನಾವು ಮೂವರು ಹೆಂಗಸರು. ಬಾಡಿಗೆ ಕಟ್ಟಡ, ಪಾಯಿಖಾನೆ ಇರಲಿಲ್ಲ. ಗಂಡಸರು ಹಿತ್ತಿಲ ಗೋಡೆಯ ಮರೆಗೆ ಹೋಗಿ ಬರುತ್ತಿದ್ದರು. ನಮಗೆ ರಸ್ತೆಯಾಚೆಯ ಬ್ಯಾರಿ ಮುಸ್ಲಿಮರ ಮನೆಯೇ ಗತಿ. ಆ ಮನೆಯಾಕೆ ಒಂದು ದಿನವೂ ಮುಖ ಸಿಂಡರಿಸಿದವರಲ್ಲ. ಆದರೂ ಅವರ ನೆಂಟರು ಕೂತಿರುವಾಗ ಒದ್ದೆ ಕೊಡೆ ಮಡಚಿಕೊಂಡು ಒಳಗೆ ಹೋಗುವುದು ಯಾರಿಗೆ ಬೇಕು? ನಾವು ನೀರು ಕುಡಿಯುವುದನ್ನೇ ಬಿಟ್ಟೆವು.

ಊರಿನ ವ್ಯವಹಾರವೋ ಏರುತ್ತಲೇ ಇತ್ತು. ಕಡಬದ ಕಡೆಯ ರಬ್ಬರ್ ಬೆಳೆಗಾರರಿಗೆ ಕೊಟ್ಟಾಯಂ ಮಾರುಕಟ್ಟೆಯ ರೇಟು ಬೇಕು. ಗಲ್ಫಿಗೆ ಹೊರಟವರಿಗೆ ಬೊಂಬಾಯಿಯ ಏಜೆಂಟ್ ಬೇಕು. ಎಲ್ಲರಿಗೂ ಈಗಲೇ ಬೇಕು. ಲೈನು ಜೋಡಿಸುವ ಸ್ವಿಚ್‌ಬೋರ್ಡಿನ ಮುಂದಿನಿಂದ ಏಳಲು ಪುರುಸೊತ್ತಿಲ್ಲ.

ನಮ್ಮ ಮೂವರಲ್ಲಿ ಹಿರಿಯರು, ನಾವು ಅಕ್ಕ ಎಂದು ಕರೆಯುತ್ತಿದ್ದವರು, ಅಜ್ಜಾವರದಿಂದ ಬರುತ್ತಿದ್ದರು. ಅವರಿಗೆ ಮತ್ತೆ ಮತ್ತೆ ಉರಿಮೂತ್ರ, ಜ್ವರ. ಡಾಕ್ಟರು ಗದರಿದರು: "ನೀರು ಕುಡೀಲಿಕ್ಕೆ ನಿಮಗೆ ಎಂತ ಕಷ್ಟ?"

ಮೂವರೂ ಪುತ್ತೂರಿಗೆ ಹೋಗಿ ನೌಕರರ ಸಂಘದ ಕಾರ್ಯದರ್ಶಿಯನ್ನು ಕಂಡೆವು. ಅವರು ಪೂರಾ ಕೇಳಿದರು, ತಲೆಯಾಡಿಸಿದರು.

"ಅದು ಲೋಕಲ್ ವಿಷಯ ಅಲ್ವಾ ಅಕ್ಕ? ನಾವೀಗ ಅಖಿಲ ಭಾರತ ಮಟ್ಟದ ಬೇಡಿಕೆ ನೋಡುದು."

"ನಮ್ಮ ಹೊಟ್ಟೆ ಲೋಕಲ್ಲೇ ಮಾರಾಯ್ರೆ," ಎಂದರು ಅಕ್ಕ.

ಏನಾದರೂ ಮಾಡುತ್ತೇನೆಂದು ಕಾರ್ಯದರ್ಶಿ ಮಾತು ಕೊಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ನೌಕರರ ಕ್ಷೇಮಾಭಿವೃದ್ಧಿಯ ಲೆಕ್ಕದಲ್ಲಿ ನಮ್ಮ ಎಕ್ಸ್‌ಚೇಂಜಿಗೆ ಒಂದು ಕೇರಂ ಬೋರ್ಡು ಬಂತು. ಜೊತೆಗೆ ಪೌಡರ್ ಡಬ್ಬಿ. ಅದನ್ನು ನೋಡಿ ನನಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ.

ಮರುವಾರ ಒಂದು ಮಧ್ಯಾಹ್ನ ಅಕ್ಕ ಹೆಡ್‌ಫೋನ್ ತೆಗೆದಿಟ್ಟರು. "ನನಗೆ ಹೋಗ್ಲಿಕ್ಕುಂಟು. ನಿಮಗೆ?"

"ನನಗೂ ಉಂಟು," ಎಂದೆ. ಮೂರನೆಯವಳು ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

ಮೂವರೂ ಒಟ್ಟಿಗೆ ರಸ್ತೆ ದಾಟಿದೆವು. ಬ್ಯಾರಿ ಮನೆಯಾಕೆ ಚಹಾ ಮಾಡಿದರು, ನಾವು ಬೇಡವೆನ್ನಲಿಲ್ಲ. ಅಷ್ಟು ಹೊತ್ತೂ ಸುಳ್ಯದಿಂದ ಯಾರಿಗೂ ಲೈನು ಸಿಗಲಿಲ್ಲ. ವಾಪಸು ಬರುವಾಗ ನಮ್ಮ ಇನ್‌ಚಾರ್ಜ್ ಮೆಟ್ಟಿಲ ಮೇಲೆ ಬೆವರುತ್ತ ನಿಂತಿದ್ದರು. ಯಾರೋ ದೊಡ್ಡ ವ್ಯಾಪಾರಿ ಮಂಗಳೂರಿನ ಮೇಲಧಿಕಾರಿಗಳಿಗೆ ದೂರು ಕೊಡುತ್ತಾನಂತೆ.

"ಎಲ್ಲಿ ಹೋದದ್ದು ಮೂರೂ ಜನ?"

ಅಕ್ಕ ಎಲ್ಲಿಗೆಂದು ಸ್ಪಷ್ಟವಾಗಿ, ದೊಡ್ಡ ಸ್ವರದಲ್ಲಿ ಹೇಳಿದರು. ಬಿಲ್ಲು ಕಟ್ಟಲು ಬಂದವರೆಲ್ಲ ತಿರುಗಿ ನೋಡಿದರು. ಇನ್‌ಚಾರ್ಜ್ ಒಳಗೆ ಹೋದರು.

ನಮ್ಮಿಂದ ಲಿಖಿತ ವಿವರಣೆ ಕೇಳಿದರು, ಪಾಯಿಖಾನೆ ಇಲ್ಲವೆಂದೇ ಬರೆದು ಕೊಟ್ಟೆವು. ಅದರಲ್ಲಿ ಬೇರೇನು ಬರೆಯಲಿಕ್ಕಿತ್ತು? ಮೇಲಿನಿಂದ ಒಬ್ಬ ಅಧಿಕಾರಿ ಬಂದು ಹಿತ್ತಿಲು ನೋಡಿ ಹೋದರು. ಬೇಸಿಗೆಯೊಳಗೆ ತಗಡಿನ ಮಾಡಿನ ಪಾಯಿಖಾನೆ ಎದ್ದಿತು. ಅದಕ್ಕೊಂದು ಬೀಗ. ಬೀಗದ ಕೈ ಇನ್‌ಚಾರ್ಜರ ಕಿಸೆಯಲ್ಲಿ. ಅವರೋ ಊಟಕ್ಕೆ ಮನೆಗೆ ಹೋದರೆ ನಿದ್ದೆ ಮುಗಿಸಿಯೇ ಬರುವವರು! ಆ ಕೀ ಸ್ವಿಚ್‌ಬೋರ್ಡಿನ ಪಕ್ಕದ ಮೊಳೆಗೆ ಬರಲು ಇನ್ನೊಂದು ಜಗಳ ಬೇಕಾಯಿತು.

ಆ ವರ್ಷ ಪುತ್ತೂರಿನಲ್ಲಿ ಸಂಘದ ವಾರ್ಷಿಕ ಸಭೆ. ಮಹಿಳಾ ಸಿಬ್ಬಂದಿಯ ಬಹುದಿನದ ಬೇಡಿಕೆ ಈಡೇರಿಸಿದ್ದಕ್ಕಾಗಿ ಕಾರ್ಯದರ್ಶಿಗೆ ಶಾಲು ಹೊದೆಸಿದರು. ನಮ್ಮನ್ನು ಕರೆದದ್ದು ಪ್ರಾರ್ಥನೆ ಹಾಡಲಿಕ್ಕೆ.

ಬಸ್‌ಸ್ಟ್ಯಾಂಡಿಗೆ ನಡೆಯುತ್ತ ನಾನು ಸಿಡುಕಿದೆ: "ನಾನಿನ್ನು ಈ ಸಂಘದಲ್ಲಿ ಇರುದಿಲ್ಲ ಅಕ್ಕ."

"ನೀನು ಬಿಟ್ರೆ ಅವರಿಗೇ ಸುಖ. ಬಿಡುದು ಬೇಡ. ಬರುವ ಸಲ ಕಮಿಟಿಗೆ ನಿಲ್ಲುವ."

ಅಕ್ಕ ನಿಂತರು, ಸೋತರು. ಮರುವರ್ಷ ಮತ್ತೆ ನಿಂತು ಗೆದ್ದರು. ಮೊದಲ ಸಭೆಗೆ ಹೋಗಿ ಬಂದವರು ಬ್ಯಾಗನ್ನು ಮೇಜಿನ ಮೇಲೆ ಕುಕ್ಕಿದರು.

"ಎಂತ ಆಯ್ತಕ್ಕ?" ಎಂದೆ.

"ಎಂತ ಇಲ್ಲ. ಸಂಜೆವರೆಗೂ ಕೇರಂ ಟೂರ್ನಮೆಂಟಿನ ಚರ್ಚೆ."