ಶಾಲಿನಿಯ ಎಡಗೆನ್ನೆ

ಶಾಲಿನಿಯ ಮುಖವನ್ನು ತನಗಿಂತ ಚೆನ್ನಾಗಿ ಬಲ್ಲವರು ಇಡೀ ಮದರಾಸಿನಲ್ಲೇ ಇಲ್ಲ ಎಂದು ವಿನೋದಾ ಇಪ್ಪತ್ತೈದು ವರ್ಷ ನಂಬಿದ್ದಳು. ಮೂಗಿನ ಎರಡೂ ಪಕ್ಕ ಮತ್ತು ಕೆನ್ನೆಯ ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ಬಾಯಿ ಬಿಟ್ಟುಕೊಂಡ ರಂಧ್ರಗಳು. ಬೇಸಿಗೆ ಬಂತೆಂದರೆ ಅವುಗಳಲ್ಲಿ ಎಣ್ಣೆ ಜಿನುಗಿ ಮುಖ ಹೊಳೆಯುತ್ತಿತ್ತು. ತಿಂಗಳಿಗೊಮ್ಮೆ ಅವಳನ್ನು ಮಲಗಿಸಿ, ಹಬೆ ಕೊಟ್ಟು, ಕರಿಚುಕ್ಕೆ ತೆಗೆದು, ಐಸ್ ಉಜ್ಜಿ, ಮುಲ್ತಾನಿ ಮಿಟ್ಟಿ ಹಚ್ಚುವುದು ವಿನೋದಾಳ ಕೆಲಸ. ಎರಡು ದಿನ ಮುಖ ನುಣ್ಣಗಿರುತ್ತಿತ್ತು, ಆಮೇಲೆ ಮತ್ತೆ ಮೊದಲಿನ ಹಾಗೇ. ಅದು ಇಬ್ಬರಿಗೂ ಗೊತ್ತಿದ್ದ ಸಂಗತಿ, ಇಬ್ಬರೂ ಅದನ್ನು ಬಾಯಲ್ಲಿ ಆಡಿರಲಿಲ್ಲ.

ವಿನೋದಾ ಹುಟ್ಟಿದ್ದು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ತಂದೆ ಅರಸೀಕೆರೆ ಕಡೆಯವರು, ರೈಲು ಡಬ್ಬಿ ಕಾರ್ಖಾನೆಯಲ್ಲಿ ಫಿಟ್ಟರ್. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮದುವೆಯಾದ ಮೇಲೆ ಬ್ಯೂಟಿಷಿಯನ್ ಕೋರ್ಸ್ ಮುಗಿಸಿ, ಬೆಸೆಂಟ್ ನಗರದ ಹಿಂದಿನ ಬೀದಿಯಲ್ಲಿದ್ದ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕನ್ನಡಿ, ಒಂದು ಕುರ್ಚಿ, ಒಂದು ಮಂಚ ಹಾಕಿಕೊಂಡು ಪಾರ್ಲರ್ ತೆರೆದಳು. ಹಾಸನದಿಂದ ಹೊಸದಾಗಿ ಮದುವೆಯಾಗಿ ಬಂದಿದ್ದ ಶಾಲಿನಿ ಒಂದು ಬೆಳಿಗ್ಗೆ ಆ ಬೀದಿಯಲ್ಲಿ ಹೋಗುತ್ತಿದ್ದಾಗ, ಹಾಲು ಉಕ್ಕಿಸಿದ ಗಂಡನನ್ನು ಒಳಗೆ ಯಾರೋ ಅಚ್ಚ ಕನ್ನಡದಲ್ಲಿ ಬೈಯುವುದು ಕೇಳಿ ಬಾಗಿಲು ತಟ್ಟಿದಳು.

"ನೀವು ಕನ್ನಡದೋರಾ?" ಎಂದು ಕೇಳುತ್ತಲೇ ಒಳಗೆ ಕಾಲಿಟ್ಟಳು.

ಅಂದಿನಿಂದ ವಿನೋದಾ ಅವಳಿಗೆ ವಿನೋದಕ್ಕ ಆದಳು. ಆ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿ, ಮುಖದ ತುಂಬ ಲೇಪ ಮೆತ್ತಿಕೊಂಡು, ತುಟಿ ಹೆಚ್ಚು ಆಡಿಸದೆ ಶಾಲಿನಿ ಎಲ್ಲವನ್ನೂ ಹೇಳಿಕೊಂಡಿದ್ದಳು. ಅತ್ತೆಯ ಮುನಿಸು, ಬಸಿರು ನಿಲ್ಲದ ಎರಡು ವರ್ಷ, ಆಮೇಲೆ ಹುಟ್ಟಿದ ಶ್ರೀಯಾ, ಇನ್ಶೂರೆನ್ಸ್ ಕಚೇರಿಯ ಬಡ್ತಿ, ಗಂಡ ಮುರಳೀಧರನೊಡನೆ ವಾರಗಟ್ಟಲೆ ಮಾತು ಬಿಟ್ಟದ್ದು. ವಿನೋದಾಳ ಬೆರಳು ಕೆನ್ನೆಯ ಮೇಲೆ ಸುತ್ತುತ್ತಿದ್ದರೆ ಅವಳ ಮಾತು ತಾನಾಗಿ ಬರುತ್ತಿತ್ತು. ಬೇರೆ ಗಿರಾಕಿಗಳೂ ಮಾತಾಡುತ್ತಿದ್ದರು, ಆದರೆ ಅದು ಬೇರೆ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಶಾಲಿನಿ ಬರುವುದು ನಿಂತಿತು. ಫೋನ್ ಮಾಡಿದರೆ "ಆಫೀಸಲ್ಲಿ ಆಡಿಟ್ ವಿನೋದಕ್ಕ, ಮುಂದಿನ ವಾರ ಬರ್ತೀನಿ" ಎನ್ನುತ್ತಿದ್ದಳು. ನವರಾತ್ರಿಯಲ್ಲಿ ಕುಂಕುಮಕ್ಕೆ ಕರೆದಳೆಂದು ವಿನೋದಾ ಅವಳ ಮನೆಗೆ ಹೋದಳು. ಮೆಟ್ಟಿಲ ಮೇಲೆ ಜೋಡಿಸಿದ ಬೊಂಬೆಗಳನ್ನು ಬಿಟ್ಟು ಹೆಂಗಸರೆಲ್ಲ ಶಾಲಿನಿಯ ಸುತ್ತ ನಿಂತಿದ್ದರು.

"ಅದೇನ್ರೀ ಮಾಡಿಸ್ಕೊಂಡ್ರಿ? ಹತ್ತು ವರ್ಷ ಚಿಕ್ಕೋರಾಗಿದ್ದೀರ!" ಎಂದು ಕೇಳಿದರು ಮೇಲಿನ ಮನೆಯ ಜಾನಕಮ್ಮ.

"ಲೇಸರ್ ಅಂತ, ಇಲ್ಲೇ ಒಂದು ಕ್ಲಿನಿಕ್ ಇದೆ. ಒಂದು ಸಲ ಆಗಿದೆ, ಇನ್ನೂ…" ಎನ್ನುತ್ತಿದ್ದ ಶಾಲಿನಿ ಬಾಗಿಲಲ್ಲಿ ವಿನೋದಾಳನ್ನು ಕಂಡು ಮಾತು ನುಂಗಿದಳು.

ವಿನೋದಾ ಹತ್ತಿರ ಹೋಗಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿದಳು. ರಂಧ್ರಗಳು ಪೂರ್ತಿ ಹೋಗಿರಲಿಲ್ಲ, ಆದರೆ ಕುಗ್ಗಿದ್ದವು. ಮೂಗಿನ ಪಕ್ಕದ ಚರ್ಮ ಬಿಗಿದು ಸಮನಾಗಿತ್ತು. ತಾನು ಇಷ್ಟು ವರ್ಷ ತಿಕ್ಕಿ ತೀಡಿ ಮಾಡಲಾಗದ್ದನ್ನು ಯಾರೋ ಒಂದೇ ಸಲಕ್ಕೆ ಮಾಡಿ ಕಳಿಸಿದ್ದರು.

"ಚೆನ್ನಾಗಾಗಿದೆ" ಎಂದಳು. ತಾಂಬೂಲ ತೆಗೆದುಕೊಂಡಳು. ಜೊತೆಗೆ ಕೊಟ್ಟ ಕಡಲೆ ಸುಂಡಲಿನ ಪೊಟ್ಟಣವನ್ನು ಮನೆಗೆ ತಂದು, ಬಿಚ್ಚಿಯೂ ನೋಡದೆ ಕೆಲಸದವಳಿಗೆ ಕೊಟ್ಟಳು.

"ಗಿರಾಕಿ ಒಬ್ಬಳು ಡಾಕ್ಟರ್ ಹತ್ರ ಹೋದರೆ ನಿಂಗೇನಾಯ್ತು?" ಎಂದ ಗಂಡ ಅನಿಲ್. ಅವನಿಗೆ ವಿವರಿಸುವುದು ಹೇಗೆಂದು ಅವಳಿಗೂ ತಿಳಿಯಲಿಲ್ಲ. ಮತ್ತೊಂದು ಪಾರ್ಲರಿಗೆ ಹೋಗಿದ್ದರೆ ಜಗಳವಾದರೂ ಆಡಬಹುದಿತ್ತು.

ಮರುವಾರ ತಾನೂ ಆ ಕ್ಲಿನಿಕ್ಕಿಗೆ ಹೋದಳು. ತೋರಿಸಿಕೊಳ್ಳುವ ನೆಪ. ಡಾಕ್ಟರ್ ತನಗೆ ಮಗಳಾಗುವ ವಯಸ್ಸಿನವಳು. ವಿನೋದಾಳ ಮೂಗನ್ನು ಭೂತಗನ್ನಡಿಯಲ್ಲಿ ನೋಡಿ, ರಂಧ್ರಗಳು ಮಾಯವಾಗುವುದಿಲ್ಲ, ಚರ್ಮದ ಒಳಪದರ ಹೊಸದಾಗಿ ಬೆಳೆದು ಸಣ್ಣದಾಗಿ ಕಾಣುತ್ತವೆ ಎಂದು ತಮಿಳಿನಲ್ಲಿ ಸಮಾಧಾನವಾಗಿ ಹೇಳಿದಳು. ಲೇಸರ್ ಆದ ಮೇಲೆ ಮುಖದಲ್ಲಿ ಕಾಫಿಪುಡಿ ಚೆಲ್ಲಿದ ಹಾಗೆ ಸಣ್ಣ ಹಕ್ಕಳೆ ಏಳುತ್ತದೆ, ಅದು ತಾನಾಗಿ ಉದುರಬೇಕು, ಉಜ್ಜಬಾರದು, ಬಿಸಿಲಿಗೆ ಬಿಡಬಾರದು, ನಮ್ಮ ಬಣ್ಣದ ಚರ್ಮ ಬೇಗ ಕಪ್ಪಾಗುತ್ತದೆ ಎಂದಳು. ಯಂತ್ರವಿದ್ದ ಕೋಣೆಯನ್ನೂ ತೋರಿಸಿದಳು. ಬಿಳಿ ಮಂಚ, ಕಣ್ಣಿಗೆ ಮುಚ್ಚುವ ಲೋಹದ ಕವಚ.

"ಆಗ ಪೇಷೆಂಟ್ ಮಾತಾಡಬಹುದಾ?" ಎಂದು ವಿನೋದಾ ಕೇಳಿದಳು.

ಇಲ್ಲ, ಅಲ್ಲಾಡದೆ ಮಲಗಬೇಕು ಎಂದಳು ಡಾಕ್ಟರ್. ವಿನೋದಾಳಿಗೆ ಅಷ್ಟು ದಿನದಲ್ಲಿ ಮೊದಲ ಸಲ ಕೊಂಚ ನೆಮ್ಮದಿಯಾಯಿತು.

ಪೊಂಗಲ್ ಕಳೆದ ಮೇಲೆ ಶ್ರೀಯಾಳ ನಿಶ್ಚಿತಾರ್ಥ ಗೊತ್ತಾಯಿತು. ನಿಶ್ಚಿತಾರ್ಥದ ಹಿಂದಿನ ದಿನ ಮಧ್ಯಾಹ್ನ ಶಾಲಿನಿ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಪಾರ್ಲರಿಗೆ ಓಡಿಬಂದಳು. ಎರಡನೆಯ ಸಲದ ಲೇಸರ್ ಮಾಡಿಸಿಕೊಂಡು ಮೂರ್ನಾಲ್ಕು ದಿನವಾಗಿತ್ತಷ್ಟೆ. ಎರಡೂ ಕೆನ್ನೆಯ ತುಂಬ ಕಂದು ಚುಕ್ಕೆ.

"ಡೇಟ್ ಲೆಕ್ಕ ತಪ್ಪೋಯ್ತು ವಿನೋದಕ್ಕ. ಗಂಡಿನ ಕಡೆಯೋರ ಮುಂದೆ ಹೀಗೆ ಹೇಗ್ ನಿಂತ್ಕೊಳ್ಳೋದು? ಇದನ್ನ ತೆಗೆದುಬಿಡಿ."

"ಡಾಕ್ಟರ್ ಏನಂದ್ರು?"

"ಮುಟ್ಟಬೇಡಿ ಅಂದ್ರು. ಅವರಿಗೇನ್ ಗೊತ್ತು ನಮ್ ಫಂಕ್ಷನ್? ನಿಮ್ ಕೈ ಮೇಲೆ ನಂಗೆ ನಂಬಿಕೆ ಇದೆ."

ಮಾಡಬಾರದೆಂದು ವಿನೋದಾಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಶಾಲಿನಿ ಆಗಲೇ ಚಪ್ಪಲಿ ಬಿಟ್ಟು ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದ್ದಳು. ತಿಂಗಳುಗಳಿಂದ ಕೈತಪ್ಪಿದ್ದ ಮುಖ ಮತ್ತೆ ತನ್ನ ಅಂಗೈಯ ಕೆಳಗಿತ್ತು.

ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸಿದಳು. ಚುಕ್ಕೆ ಬಿಡಲಿಲ್ಲ. ಸ್ಕ್ರಬ್ ಡಬ್ಬಿ ತೆಗೆದಳು. ಶಾಲಿನಿ ಗಂಡಿನ ತಾಯಿಯ ಬಗ್ಗೆ, ಮಗಳು ಮನೆಬಿಟ್ಟು ಹೋಗುವ ಸಂಕಟದ ಬಗ್ಗೆ ಹೇಳತೊಡಗಿದಳು. ಬಲಗೆನ್ನೆಯನ್ನು ವಿನೋದಾ ಹಗುರವಾಗಿಯೇ ಮುಗಿಸಿದಳು. ಎಡಗೆನ್ನೆಗೆ ಬಂದಾಗ ಶಾಲಿನಿ, "ಎಷ್ಟೇ ಹೇಳಿ, ಲೇಸರ್ ಮುಂದೆ ಈ ಫೇಶಿಯಲ್ ಎಲ್ಲ ಸುಮ್ನೆ ಅಲ್ವಾ ವಿನೋದಕ್ಕ" ಎಂದು ನಕ್ಕಳು. ವಿನೋದಾಳ ಬೆರಳು ಬಿಗಿಯಾಯಿತು. ಶಾಲಿನಿ "ಸ್ಸ್" ಎನ್ನುವವರೆಗೂ ಅವಳು ಉಜ್ಜುತ್ತಲೇ ಇದ್ದಳು.

ಚುಕ್ಕೆಗಳೇನೋ ಹೋದವು. ಕೆಳಗೆ ಹಸಿ ಗುಲಾಬಿ ಚರ್ಮ ಕಂಡಿತು. ಮಾರನೆಯ ದಿನ ಅದರ ಮೇಲೆ ಪೌಡರ್ ಹಚ್ಚಿಕೊಂಡು ಶಾಲಿನಿ ಛತ್ರದ ಬಾಗಿಲಲ್ಲಿ ಬಿಸಿಲಿಗೆ ನಿಂತು ಬಂದವರನ್ನೆಲ್ಲ ಎದುರುಗೊಂಡಳು. ಎರಡು ವಾರದೊಳಗೆ ಎಡಗೆನ್ನೆಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಕಲೆ ಕೂತಿತು.

"ಲೇಸರ್ ಇಂದಾನೇ ಹೀಗಾಗಿದ್ದು. ನಾನು ನಿಮ್ಮನ್ನ ಬಿಟ್ಟು ಹೋಗ್ಬಾರ್ದಿತ್ತು" ಎಂದು ಶಾಲಿನಿ ಪಾರ್ಲರಿಗೆ ಬಂದು ಅತ್ತಳು. ಇದೇ ಮಾತಿಗಾಗಿ ವಿನೋದಾ ಎಷ್ಟು ದಿನ ಕಾದಿದ್ದಳು! ಈಗ ಕೇಳಿದಾಗ ಸ್ಕ್ರಬ್ ಡಬ್ಬಿಯನ್ನು ಕನ್ನಡಿಯ ಹಿಂದಕ್ಕೆ ಸರಿಸಿದಳು. "ಬನ್ನಿ, ಆ ಡಾಕ್ಟರನ್ನ ಕೇಳೇಬಿಡೋಣ" ಎಂದು ಶಾಲಿನಿ ಅವಳ ಕೈ ಹಿಡಿದು ಎಳೆದುಕೊಂಡು ಹೋದಳು. ಶ್ರೀಯಾ ಕೂಡ ಆಫೀಸಿಗೆ ರಜೆ ಹಾಕಿ ಜೊತೆಗೆ ಬಂದಳು.

ಶಾಲಿನಿ ಏರುದನಿಯಲ್ಲಿ ಎಲ್ಲ ಹೇಳಿ ಮುಗಿಸುವವರೆಗೆ ಡಾಕ್ಟರ್ ಕಲೆಯನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದಳು. ಆಮೇಲೆ, ಹಕ್ಕಳೆಯನ್ನು ಕಿತ್ತಿರಾ, ಉಜ್ಜಿದಿರಾ ಎಂದು ಕೇಳಿದಳು.

"ಇಲ್ಲ, ಸುಮ್ನೆ ಕ್ಲೀನಪ್…" ಎನ್ನುತ್ತ ಶಾಲಿನಿ ವಿನೋದಾಳ ಕಡೆ ನೋಡಿದಳು.

"ಸ್ಕ್ರಬ್ ಹಾಕಿ ಉಜ್ಜಿದ್ದು ನಾನು" ಎಂದಳು ವಿನೋದಾ. "ಉಜ್ಜಬಾರದು ಅಂತ ನಂಗೊತ್ತಿತ್ತು. ಇವರೇ ನಂಗೆ ಹೇಳಿದ್ರು, ಇದೇ ರೂಮಲ್ಲಿ."

ಶ್ರೀಯಾ "ಎನ್ನ ಆಂಟಿ ಇದು!" ಏನಿದು ಎಂದು ತಮಿಳಿನಲ್ಲೇ ರೇಗಿದಳು. ಹೊರಗೆ ಬಂದು ಆಟೋಗೆ ಕಾಯುವಾಗ ಶಾಲಿನಿ ಕೇಳಿದಳು.

"ನಾನೇ ತೆಗೀರಿ ಅಂದೆ, ಒಪ್ತೀನಿ. ಆಗಲ್ಲ ಅನ್ನಬಹುದಿತ್ತಲ್ಲ ನೀವು. ಯಾಕ್ ಅನ್ಲಿಲ್ಲ?"

"ನಿನ್ ಮುಖ ಬೇರೆಯವರ ಕೈಲಿ ಚೆನ್ನಾಗಾಯ್ತಲ್ಲ ಅಂತ ಹೊಟ್ಟೆ ಉರೀತು ಶಾಲಿನಿ. ಬೇರೇನೂ ಇಲ್ಲ."

ಆಟೋ ಬಂತು. ತಾಯಿ ಮಗಳು ಹತ್ತಿ ಹೋದರು. ವಿನೋದಾ ನಡೆದುಕೊಂಡು ಮನೆಗೆ ಬಂದಳು.

ಡಾಕ್ಟರ್ ಕೊಟ್ಟ ಮುಲಾಮಿಗೆ ಕಲೆ ನಿಧಾನವಾಗಿ ತಿಳಿಯಾಯಿತೆಂದು ಜಾನಕಮ್ಮನಿಂದ ತಿಳಿಯಿತು. ಆಮೇಲೆ ಶಾಲಿನಿ ಉಳಿದ ಲೇಸರನ್ನೂ ಮಾಡಿಸಿಕೊಂಡಳಂತೆ. ತಮಿಳರ ಆವಣಿ ತಿಂಗಳಲ್ಲಿ ಶ್ರೀಯಾಳ ಮದುವೆ ಎಂಬ ಸುದ್ದಿಯೂ ಬಂತು. ಮದುವೆ ಹತ್ತಿರ ಬಂದಾಗ ಶಾಲಿನಿಯದೇ ಫೋನ್ ಬಂತು. ವಿನೋದಕ್ಕ ಎನ್ನಲಿಲ್ಲ.

"ನಂಗೆ ಒಂಬತ್ತು ಗಜದ ಸೀರೆ ಉಡ್ಸೋಕೆ ನೀವು ಬರಬೇಕು. ಬೇರೆಯವರಿಗೆ ನಮ್ ಕಡೆ ಕಚ್ಚೆ ಗೊತ್ತಾಗಲ್ಲ. ಮುಖಕ್ಕೆ ಬೇರೆ ಹುಡುಗಿ ಬರ್ತಾಳೆ."

"ಬರ್ತೀನಿ" ಎಂದಳು ವಿನೋದಾ.

ಮದುವೆಯ ದಿನ ಮುಂಜಾನೆ ಛತ್ರದ ಕೋಣೆಯಲ್ಲಿ ಶಾಲಿನಿ ಕನ್ನಡಿಯ ಮುಂದೆ ನಿಂತಿದ್ದಳು. ಮೇಕಪ್ ಹುಡುಗಿ ನಿಖಿತಾ ಬ್ರಷ್ ಆಡಿಸುತ್ತ, "ನಿಮ್ ಸ್ಕಿನ್ ಎಷ್ಟು ಸ್ಮೂತ್ ಆಂಟಿ, ಫೌಂಡೇಶನ್ನೇ ಬೇಡ" ಎನ್ನುತ್ತಿದ್ದಳು. ವಿನೋದಾಳಿಗೆ ಆ ಬ್ರಷ್ ಕಿತ್ತುಕೊಳ್ಳಬೇಕೆನ್ನಿಸಿತು. ತಲೆ ಎತ್ತದೆ ನೆಲಕ್ಕೆ ಮಂಡಿಯೂರಿ ನೆರಿಗೆಗಳನ್ನು ಒಂದೊಂದಾಗಿ ಬೆರಳಿಗೆ ತಂದುಕೊಂಡಳು.

"ನೆಟ್ಟಗೆ ನಿಂತ್ಕೋ" ಎಂದಳು.

ಶಾಲಿನಿ ನೆಟ್ಟಗೆ ನಿಂತಳು.